ಬೆಟ್ಟದ ತುದಿಯೋ, ಕೊಳದ ದಡವೋ

ಷಾವ್ ಕೆಯ್ ವಾನ್, ಹಾಂಗ್‌ಕಾಂಗ್
8 ನವೆಂಬರ್ 1981

ಅಪ್ಪನಿಗೆ,

ಈ ಕಾಗದವನ್ನು ಯೊಕೊಹಾಮಾದ ಏಜೆಂಟರ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮ್ಮ ಹಡಗಿಗಿಂತ ಮುಂಚೆ ಇದು ಅಲ್ಲಿಗೆ ತಲುಪಲಿ. ಅಜ್ಜಿಯ ಮಂಡಿನೋವು ಹಾಗೇ ಇದೆ. ಅಮ್ಮನಿಗೆ ಕಾರ್ಖಾನೆಯಲ್ಲಿ ಈ ತಿಂಗಳು ಬರೀ ಕಾಲರ್ ಹೊಲಿಯುವ ಕೆಲಸ. ಮನೆಗೆ ಬಂದ ಮೇಲೂ ಎದುರಿಗೆ ಯಾರು ಕೂತರೂ ಅವರ ಕತ್ತನ್ನೇ ನೋಡುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ವಿಶ್ವವಿದ್ಯಾಲಯದ ಅರ್ಜಿ ಕೊಟ್ಟಿದ್ದಾರೆ. ಏನು ಓದುತ್ತೀ ಎಂದು ಕೇಳಿದ್ದಕ್ಕೆ ಜೀವಶಾಸ್ತ್ರ ಎಂದು ಬರೆದೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಕೆಳಗೆ ಇನ್ನೊಂದು ಪ್ರಶ್ನೆ: ಯಾವ ಕಾಲೇಜು? ವಿಶ್ವವಿದ್ಯಾಲಯವೇ ಕಾಲೇಜಲ್ಲವೇ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಹಾಗಲ್ಲವಂತೆ. ವಿಶ್ವವಿದ್ಯಾಲಯವಿರುವ ಆ ಬೆಟ್ಟದ ಮೇಲೆ ಮೂರು ಕಾಲೇಜುಗಳಿವೆ. ಪಾಠ ಎಲ್ಲರಿಗೂ ಒಂದೇ, ಮೇಷ್ಟ್ರುಗಳೂ ಅವರೇ. ಆದರೆ ಪ್ರತಿಯೊಬ್ಬರೂ ಯಾವುದಾದರೂ ಒಂದು ಕಾಲೇಜಿಗೆ ಸೇರಿದವರಾಗಿರಬೇಕು. ಊಟ, ವಾಸ, ಸ್ನೇಹ, ಜಗಳ ಎಲ್ಲ ಅಲ್ಲೇ. ಮೂರನ್ನೂ ನಮಗೆ ಬೇಕಾದ ಕ್ರಮದಲ್ಲಿ ಬರೆದು ಜನವರಿ ನಡುವೆ ಕೊಡಬೇಕು.

ರೈಲು ನಿಲ್ದಾಣದ ಪಕ್ಕದಲ್ಲಿ, ಕಮಲದ ಕೊಳದ ದಡದಲ್ಲಿರುವುದು ವಿಂಗ್ ಹೊ. ನಡುಬೆಟ್ಟದಲ್ಲಿ ಮನ್ ಲಿ. ತುತ್ತತುದಿಯಲ್ಲಿ ಚಿಂಗ್ ಯುನ್. ಯಾವುದು ಒಳ್ಳೆಯದು ಎಂದು ಫುಂಗ್ ಮೇಷ್ಟ್ರನ್ನು ಕೇಳಿದೆ. "ಯಾವುದಾದ್ರೂ ಬರಿಯಮ್ಮ, ಎಲ್ಲಾ ಒಂದೇ ಬೆಟ್ಟ" ಅಂದರು. ಎಲ್ಲಾ ಒಂದೇ ಆದರೆ ಕೇಳುವುದೇಕೆ? ನನಗೆ ಅಂದಿನಿಂದ ಅದೇ ಯೋಚನೆ. ಒಂದರಲ್ಲಿ ಇದ್ದರೆ ಒಂದು ಥರದವಳಾಗುತ್ತೇನೆಯೇ, ಇನ್ನೊಂದರಲ್ಲಿ ಇದ್ದರೆ ಇನ್ನೊಂದು ಥರದವಳೇ?

ಅಜ್ಜಿಗೆ ವಿವರಿಸಿ ಹೇಳಿದೆ. ದೋಣಿಯಲ್ಲಿ ಹುಟ್ಟಿ ದೋಣಿಯಲ್ಲಿ ಮುದುಕಿಯಾದವಳು, ಈ ಸರ್ಕಾರಿ ಕಟ್ಟಡಕ್ಕೆ ಬಂದು ಹತ್ತು ವರ್ಷವಾದರೂ ನೆಲವನ್ನು ನಂಬುವುದಿಲ್ಲ. "ಬೆಟ್ಟದ ಮೇಲೆ ಹೋಗಿ ಮಲಗೋಕೆ ನೀನೇನು ಮೇಕೆನಾ?" ಅಂದಳು.

ನೀವು ಪ್ರಪಂಚ ನೋಡಿದವರು. ಯಾವುದನ್ನು ಮೊದಲು ಬರೆಯಲಿ?

ನಿಮ್ಮ ಮಗಳು,
ಯಿನ್-ಫಾಂಗ್


ಯೊಕೊಹಾಮಾ ಬಂದರು
29 ನವೆಂಬರ್ 1981

ಫಾಂಗ್,

ನಿನ್ನ ಕಾಗದ ಸಿಕ್ಕಿತು. ಲೋ ಅಣ್ಣನಿಗೂ ಓದಿ ಹೇಳಿದೆ. ನನಗೆ ಅಕ್ಷರ ಕಲಿಸಿದವನು ಅವನು, ಹಾಗಾಗಿ ನನಗೆ ಬರುವ ಕಾಗದದಲ್ಲಿ ಅರ್ಧ ಪಾಲು ತನ್ನದು ಅನ್ನುತ್ತಾನೆ.

ನಾನು ಪ್ರಪಂಚ ನೋಡಿದ್ದೇನೆ ಎಂದು ಬರೆದಿದ್ದೀಯ. ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವವನಿಗೆ ಪ್ರಪಂಚ ಅಂದರೆ ಎಂಜಿನ್. ಬಂದರುಗಳಲ್ಲಿ ನೋಡಿದ್ದು ಗೋದಾಮು. ಆದರೆ ನಿನ್ನ ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ. ಯಾರ ಜೊತೆ ಇರುತ್ತೀ, ಎಲ್ಲಿ ಇರುತ್ತೀ ಎಂದು ಮೊದಲೇ ಕೇಳುತ್ತಾರೆ ಅಂದರೆ ಏನು! ನನ್ನನ್ನು ಯಾರೂ ಕೇಳಲಿಲ್ಲ. ಈ ಹಡಗಿಗೆ ಬಂದ ದಿನ ಮೇಸ್ತ್ರಿ ಒಂದು ಬಾಗಿಲು ತೋರಿಸಿ "ಕೆಳಗಿನ ಮಂಚ ನಿಂದು" ಅಂದ. ಮೇಲಿನ ಮಂಚದಿಂದ ಎರಡು ಕಾಲು ಇಳಿಬಿದ್ದಿದ್ದವು. ಆ ಕಾಲುಗಳ ಒಡೆಯನೇ ಲೋ ಅಣ್ಣ. ಒಳ್ಳೆಯವನು ಸಿಕ್ಕಿದ್ದು ನನ್ನ ಅದೃಷ್ಟ. ಅದಕ್ಕೆ ಮುಂಚಿನ ಹಡಗಿನಲ್ಲಿ ಒಬ್ಬನಿದ್ದ, ಹಲ್ಲು ಕಡಿಯುತ್ತಿದ್ದ, ಎಚ್ಚರವಾಗಿದ್ದಾಗಲೂ.

ನನಗೆ ಇವು ಗೊತ್ತಾಗಬೇಕು. ಕೋಣೆಯಲ್ಲಿ ಎಷ್ಟು ಜನ? ಜೊತೆಗಾತಿಯನ್ನು ಆರಿಸುವವರು ಯಾರು? ಜಗಳವಾದರೆ ಬದಲಾಯಿಸಿ ಕೊಡುತ್ತಾರೆಯೇ? ಅಡುಗೆಯವನು ಯಾವ ಕಡೆಯವನು? ಕಿಟಕಿ ಇದೆಯೇ, ಇದ್ದರೆ ತೆರೆಯುತ್ತದೆಯೇ? (ಇದು ಲೋ ಅಣ್ಣನ ಪ್ರಶ್ನೆ. ನಮ್ಮ ಕೋಣೆಯದು ತೆರೆಯುವುದಿಲ್ಲ.) ಕಾಲೇಜಿನವರು ಕಾಗದದಲ್ಲಿ ಬರೆದಿರುವುದನ್ನು ನಂಬಬೇಡ. ಹೋಗಿ ನೋಡು. ನೋಡಿದ್ದನ್ನು ನನಗೆ ಬರೆ.

ನಾಳೆ ವ್ಯಾಂಕೂವರ್‌ಗೆ ಹೊರಡುತ್ತೇವೆ. ಅಜ್ಜಿಗೆ ಮಂಡಿಗೆ ಹಚ್ಚುವ ಎಣ್ಣೆ ತೆಗೆದುಕೊಂಡಿದ್ದೇನೆ. ಅಮ್ಮನಿಗೆ ಹೇಳು.

ಅಪ್ಪ


ಷಾವ್ ಕೆಯ್ ವಾನ್
27 ಡಿಸೆಂಬರ್ 1981

ಅಪ್ಪನಿಗೆ,

ಹೋಗಿ ನೋಡಿಬಂದೆ. ಒಬ್ಬಳೇ ಹೋಗಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅಜ್ಜಿ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಿಮ್ಮಪ್ಪ ಕೇಳಿದ ಪ್ರಶ್ನೆ ಎಲ್ಲಾ ಸರಿ. ಕೇಳೋಕೆ ನಿನಗೆ ಬಾಯಿ ಬರಲ್ಲ" ಅಂದಳು.

ಕೊಳದ ಕಾಲೇಜು ಚೆನ್ನಾಗಿದೆ. ರೈಲಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಅಲ್ಲೇ. ಚಿಕ್ಕ ಚರ್ಚು, ಮರಗಳು, ನೀರಿನ ಮೇಲೆ ಬಾಗಿದ ಸೇತುವೆ. ಅಲ್ಲಿ ಅರ್ಧಕ್ಕರ್ಧ ಜನ ಮನೆಯಿಂದಲೇ ಓಡಾಡುತ್ತಾರಂತೆ. ಸಂಜೆಯಾದರೆ ಎಲ್ಲರೂ ಚೀಲ ಹೆಗಲಿಗೇರಿಸಿ ನಿಲ್ದಾಣದ ಕಡೆ ಹೋಗುತ್ತಾರೆ. ಅಜ್ಜಿಗೆ ಬಹಳ ಹಿಡಿಸಿತು. ಕೊಳದಲ್ಲಿ ಮೀನಿದೆಯೇ, ಹಿಡಿಯಲು ಬಿಡುತ್ತಾರೆಯೇ ಎಂದು ಕಾವಲುಗಾರನನ್ನು ವಿಚಾರಿಸಿದಳು. ಬಿಡುವುದಿಲ್ಲವಂತೆ. ಹಾಗಾದರೆ ಇಟ್ಟುಕೊಂಡಿರುವುದೇಕೆ ಎಂದಳು.

ನಡುಬೆಟ್ಟದ ಕಾಲೇಜಿಗೆ ಬೀಗ ಹಾಕಿತ್ತು, ರಜೆಗೆ ಬಣ್ಣ ಬಳಿಯುತ್ತಿದ್ದರು.

ತುದಿಯ ಚಿಂಗ್ ಯುನ್‌ಗೆ ಹತ್ತುವಾಗ ಅಜ್ಜಿ ಮೂರು ಕಡೆ ಕೂತಳು, ಕೂತಾಗಲೆಲ್ಲ ಬೆಟ್ಟವನ್ನು ಬೈದಳು. ಮೂವತ್ತು ವರ್ಷದ ಹಿಂದೆ ಉತ್ತರದಿಂದ ಗಡಿ ದಾಟಿ ಓಡಿಬಂದ ಪಂಡಿತರು ಬರೀ ಬೆಂಚು ಹಾಕಿಕೊಂಡು ಶುರುಮಾಡಿದ ಕಾಲೇಜಂತೆ ಅದು. ಕಟ್ಟಡಗಳೂ ಹಾಗೇ, ಅಲಂಕಾರವಿಲ್ಲ, ಬರೀ ಗಾಳಿ. ಲಾವ್ ಎಂಬ ಎರಡನೆಯ ವರ್ಷದ ಹುಡುಗಿ ನಮ್ಮನ್ನು ಸುತ್ತಾಡಿಸಿದಳು. ನಿಮ್ಮ ಪ್ರಶ್ನೆಗಳನ್ನು ಅಜ್ಜಿ ಒಂದೊಂದಾಗಿ ಒಪ್ಪಿಸಿದಳು. ಕೋಣೆಗೆ ಮೂವರು. ಜೊತೆಗಾತಿಯರನ್ನು ಆರಿಸುವುದು ಹಾಸ್ಟೆಲಿನ ಮೇಲ್ವಿಚಾರಕಿ, ಬೇಕೆಂದೇ ಬೇರೆ ಬೇರೆ ವಿಷಯದವರನ್ನು ಒಟ್ಟಿಗೆ ಹಾಕುತ್ತಾರೆ. ಜಗಳವಾದರೆ ಹೊಸ ವರ್ಷದ ಹಬ್ಬದ ತನಕ ತಡೆದುಕೊಳ್ಳಬೇಕು. ಅಡುಗೆಯವನು ಉತ್ತರದ ಷಾಂಟುಂಗಿನವನು, ಅನ್ನಕ್ಕಿಂತ ಹಿಟ್ಟಿನ ತಿಂಡಿಯೇ ಹೆಚ್ಚು. ಕಿಟಕಿ ತೆರೆಯುತ್ತದೆ, ಲೋ ದೊಡ್ಡಪ್ಪನಿಗೆ ಹೇಳಿ. ತೆರೆದರೆ ಕೆಳಗೆ ಕೊಲ್ಲಿ, ಅದರಾಚೆ ದ್ವೀಪಗಳು.

ಅಜ್ಜಿ ಒಂದು ಮಂಚದ ಮೇಲೆ ಕೂತು ಎರಡು ಸಲ ಕುಲುಕಿ ನೋಡಿದಳು. "ಇದು ಅಲ್ಲಾಡೋದೇ ಇಲ್ಲ. ನಿದ್ದೆ ಹೇಗ್ ಬರುತ್ತೆ?" ಎಂದು ಲಾವ್‌ಳನ್ನು ಕೇಳಿದಳು.

"ಮೊದಲ ವಾರ ಯಾರಿಗೂ ಬರಲ್ಲ ಅಜ್ಜಿ" ಅಂದಳು ಲಾವ್.

ಆಮೇಲೆ ರಜೆಯಲ್ಲೂ ಅಲ್ಲೇ ಉಳಿದವರ ಜೊತೆ ಊಟಕ್ಕೆ ಕೂರಿಸಿದಳು. ಅಪ್ಪ, ಅಲ್ಲಿ ನಡೆದದ್ದನ್ನು ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಏನೂ ನಡೆಯಲಿಲ್ಲ. ಹಿಮವನ್ನು ಎಂದೂ ಕಾಣದವನಿಗೆ ಹಿಮದ ಕನಸು ಬೀಳಬಹುದೇ ಎಂದು ಇಬ್ಬರು ವಾದ ಮಾಡುತ್ತಿದ್ದರು, ಒಬ್ಬ ಗಣಿತದವನು, ಒಬ್ಬಳು ಇತಿಹಾಸದವಳು. ಬೀಳಬಹುದು, ಆದರೆ ಅದು ತಣ್ಣಗಿರುವುದಿಲ್ಲ ಎಂದು ನಾನು ಸುಮ್ಮನೆ ಅಂದೆ. ಇಬ್ಬರೂ ಊಟ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಯಾಕೆ ಹಾಗನ್ಸುತ್ತೆ ನಿನಗೆ?" ಎಂದು ಆ ಹುಡುಗ ಕೇಳಿದ. ತಮಾಷೆಗಲ್ಲ, ನಿಜವಾಗಿ ಕೇಳಿದ. ಏನೇನೋ ಹೇಳಿದೆ. ಇಡೀ ಊಟ ಅದೇ ಮಾತು. ಉತ್ತರ ಎಷ್ಟು ಎಂದು ನನ್ನನ್ನು ಕೇಳಿದವರು ಬೇಕಾದಷ್ಟು ಜನ. ಯಾಕೆ ಹಾಗನ್ನಿಸುತ್ತದೆ ಎಂದು ಕೇಳಿದವರು ಯಾರೂ ಇರಲಿಲ್ಲ.

ಅಲ್ಲಿ ಒಂದು ನಿಯಮವಿದೆ. ಮೊದಲ ವರ್ಷದವರೆಲ್ಲರೂ ಅಲ್ಲೇ ಇರಬೇಕು. ಮನೆಯಿಂದ ಓಡಾಡುವ ಹಾಗಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಹೇಗಿತ್ತು ಎಂದು ಕೇಳಿದ್ದಕ್ಕೆ ಅಜ್ಜಿ "ಗಾಳಿ ಜಾಸ್ತಿ" ಎಂದಷ್ಟೇ ಹೇಳಿದಳು.

ಫಾಂಗ್


ವ್ಯಾಂಕೂವರ್
6 ಜನವರಿ 1982

ಫಾಂಗ್,

ನಿನ್ನ ಕಾಗದ ಇನ್ನೂ ಬಂದಿಲ್ಲ. ಮರ ತುಂಬಿಸುವುದು ನಾಳೆ ಮುಗಿಯುತ್ತದೆ, ನಾವು ದಕ್ಷಿಣಕ್ಕೆ ಕಾಯಾವೊ ಬಂದರಿಗೆ ಹೊರಡುತ್ತೇವೆ. ತಡವಾಗಿ ಬಂದರೆ ಏಜೆಂಟರು ಅಲ್ಲಿಗೆ ಕಳಿಸುತ್ತಾರೆ.

ಲೋ ಅಣ್ಣ ಇಳಿದುಬಿಟ್ಟ. ದಾರಿಯಲ್ಲಿ ಎದೆನೋವು ಬಂತು, ಇಲ್ಲಿ ಆಸ್ಪತ್ರೆಗೆ ಸೇರಿಸಿದರು. ಜೀವಕ್ಕೆ ಅಪಾಯವಿಲ್ಲ. ಆದರೆ ಇನ್ನು ಹಡಗು ಬೇಡ ಎಂದು ವೈದ್ಯರು ಹೇಳಿದರಂತೆ. ಅವನ ತಮ್ಮನ ಮನೆ ಇದೇ ಊರಲ್ಲಿದೆ. ನಾನು ಹೋಗಿ ನೋಡಿದಾಗ ಬಿಳಿ ಹಾಸಿಗೆಯ ಮೇಲೆ ಕೂತು ಕಿಟಕಿ ತೆರೆದು ಮುಚ್ಚಿ ಮಾಡುತ್ತಿದ್ದ. ಮೇಲಿನ ಮಂಚ ಈಗ ಖಾಲಿ. ಹೊಸಬನನ್ನು ಹಾಕುತ್ತೇವೆ ಎಂದು ಮೇಸ್ತ್ರಿ ಹೇಳಿದ. ನನಗೆ ಹೊಸಬರು ಸಾಕು ಅನ್ನಿಸಿತು.

ನನ್ನ ಕರಾರು ಜೂನ್‌ಗೆ ಮುಗಿಯುತ್ತದೆ. ಮತ್ತೆ ಸಹಿ ಹಾಕುವುದಿಲ್ಲ ಎಂದು ಕ್ಯಾಪ್ಟನ್ನಿಗೆ ಹೇಳಿದ್ದೇನೆ. ಮನೆಗೆ ಬರುತ್ತೇನೆ, ಬಂದರೆ ಬಂದಂತೆಯೇ. ನಿನ್ನ ಅಮ್ಮನಿಗೆ ಬೇರೆ ಬರೆದಿದ್ದೇನೆ.

ಕಾಲೇಜಿನ ವಿಷಯ. ಯೋಚನೆ ಮಾಡಿದೆ. ನಿಲ್ದಾಣದ ಪಕ್ಕದ ಆ ಕೊಳದ ಕಾಲೇಜನ್ನು ಮೊದಲು ಬರೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ನೀನು ಹುಟ್ಟಿದ ಮೇಲೆ ನಾನು ಮನೆಯಲ್ಲಿದ್ದ ದಿನಗಳನ್ನೆಲ್ಲ ಕೂಡಿದರೂ ಒಂದು ವರ್ಷ ತುಂಬುವುದಿಲ್ಲ. ಇನ್ನು ಮೂರ್ನಾಲ್ಕು ವರ್ಷದಲ್ಲಿ ನೀನು ಮದುವೆಯಾಗಿ ಹೋಗುತ್ತೀಯ. ಅಷ್ಟರೊಳಗೆ ಒಂದೇ ಮೇಜಿನ ಮೇಲೆ ಊಟ ಮಾಡೋಣ.

ಇದುವರೆಗೆ ನಿನ್ನನ್ನು ಏನೂ ಕೇಳಿಲ್ಲ. ಇದೊಂದು ಕೇಳುತ್ತಿದ್ದೇನೆ.

ಅಪ್ಪ


ಷಾವ್ ಕೆಯ್ ವಾನ್
3 ಫೆಬ್ರವರಿ 1982

ಅಪ್ಪನಿಗೆ,

ಜನವರಿ 24ಕ್ಕೆ, ನಮ್ಮ ಹೊಸ ವರ್ಷದ ಹಿಂದಿನ ದಿನ, ನಿಮ್ಮ ಎರಡೂ ಕಾಗದ ಬಂದವು. ಮೂಲಂಗಿ ಕಡುಬು ಒಲೆಯ ಮೇಲಿತ್ತು. ಅಮ್ಮ ತನ್ನದನ್ನು ಓದಿ ಮಡಚಿ, ಹಬೆ ಬಂತೇ ಎಂದು ಮುಚ್ಚಳ ತೆಗೆದು ನೋಡಿದಳು. ಮುಚ್ಚಳ ಮತ್ತೆ ಹಾಕಿ "ಬಂದು ಏನ್ ಮಾಡ್ತಾರಂತೆ?" ಎಂದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ. ಮಾರನೆಯ ದಿನ ಬಂದವರಿಗೆಲ್ಲ ನೀವು ಬರುತ್ತೀರೆಂದು ತಾನೇ ಮೊದಲು ಹೇಳಿದಳು.

ಲೋ ದೊಡ್ಡಪ್ಪನ ವಿಷಯ ಕೇಳಿ ಬೇಸರವಾಯಿತು. ಅವರ ಹೊಸ ವಿಳಾಸ ಕಳಿಸಿ. ನಾನೂ ಬರೆಯುತ್ತೇನೆ.

ಅಜ್ಜಿಯ ನೋವು ಚಳಿಗೆ ಜಾಸ್ತಿಯಾಗಿದೆ. ಪಕ್ಕದ ಮನೆಯವರು ಬಣ್ಣದ ಟಿವಿ ತಂದಿದ್ದಾರೆ. ಗೋಡೆಯಾಚೆಯಿಂದ ಕೇಳಿಸುವುದಕ್ಕೆ ಅಜ್ಜಿ ತಾನೇ ಬಣ್ಣ ಕಟ್ಟಿಕೊಂಡು ಕೂರುತ್ತಾಳೆ. ಪರೀಕ್ಷೆಗೆ ಓದುತ್ತಿದ್ದೇನೆ.

ಅರ್ಜಿಯನ್ನು ಕಳೆದ ತಿಂಗಳು ಕೊಟ್ಟಾಯಿತು.

ಫಾಂಗ್


ಕಾಯಾವೊ
21 ಫೆಬ್ರವರಿ 1982

ಫಾಂಗ್,

ನಿನ್ನ ಎರಡು ಕಾಗದವೂ ಇಲ್ಲಿ ಒಟ್ಟಿಗೆ ಸಿಕ್ಕವು. ಡಿಸೆಂಬರಿನದನ್ನು ಮೊದಲು ಓದಿದೆ. ಅಜ್ಜಿ ಬೆಟ್ಟವನ್ನು ಬೈದ ಭಾಗ ಓದಿ ಜೋರಾಗಿ ನಕ್ಕೆ. ಮೇಲಿನ ಮಂಚದ ಹುಡುಗ ಗಾಬರಿಯಾಗಿ ಇಣುಕಿ ನೋಡಿದ. ಫಿಲಿಪೀನ್ಸಿನವನು, ನಮ್ಮ ಭಾಷೆ ಬಾರದು, ಹಾಡುತ್ತಾನೆ.

ಆಮೇಲೆ ಫೆಬ್ರವರಿಯದನ್ನು ಓದಿದೆ. ಅದರಲ್ಲಿ ಟಿವಿ ಇದೆ, ಕಡುಬು ಇದೆ. ಯಾವ ಕಾಲೇಜನ್ನು ಮೊದಲು ಬರೆದೆ ಎಂಬುದಿಲ್ಲ. ಮರೆತಿರಬೇಕು. ಮುಂದಿನ ಕಾಗದದಲ್ಲಿ ತಿಳಿಸು.

ನಾನು ಬಂದ ಮೇಲೆ ಸಂಜೆ ರೈಲಿನ ಹೊತ್ತಿಗೆ ನಿಲ್ದಾಣಕ್ಕೆ ಬರುತ್ತೇನೆ. ನಿನ್ನ ಪುಸ್ತಕದ ಚೀಲ ಭಾರವಿರುತ್ತದಲ್ಲವೇ?

ಇಲ್ಲಿಂದ ಕಾಲುವೆ ದಾಟಿ ರಾಟರ್‌ಡಾಮ್‌ಗೆ. ಅಲ್ಲಿಗೇ ಬರೆ.

ಅಪ್ಪ


ಷಾವ್ ಕೆಯ್ ವಾನ್
4 ಏಪ್ರಿಲ್ 1982

ಅಪ್ಪನಿಗೆ,

ಮರೆತಿರಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ.

ನಿಮ್ಮ ಕಾಗದ ಬರುವ ಮುಂಚೆಯೇ ಅರ್ಜಿ ಕೊಟ್ಟಿದ್ದೆ. ಚಿಂಗ್ ಯುನ್ ಮೊದಲನೆಯದು. ಕೊಳದ ಕಾಲೇಜು ಎರಡನೆಯದು. ಮುಂಚೆಯೇ ಕೊಟ್ಟೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕ್ರಮ ಬದಲಾಯಿಸಲು ಮೇ ಕೊನೆಯವರೆಗೆ ಅವಕಾಶವಿದೆ, ಒಂದು ಚೀಟಿ ಬರೆದುಕೊಟ್ಟರೆ ಸಾಕು. ಇದು ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ನಾನು ಆ ಚೀಟಿ ಬರೆದುಕೊಡಲಿಲ್ಲ.

ಹೋದ ವಾರ ಚಿಂಗ್ ಯುನ್‌ನಲ್ಲಿ ಸಂದರ್ಶನವಿತ್ತು. ಮೂವರು ಕೂತಿದ್ದರು. ಇಬ್ಬರು ಜೀವಶಾಸ್ತ್ರದ ಪ್ರಶ್ನೆ ಕೇಳಿದರು. ಮೂರನೆಯವರಿಗೆ ಬಹಳ ವಯಸ್ಸು, ಮಾತಿನಲ್ಲಿ ಉತ್ತರದ ಎಳೆತ ಇನ್ನೂ ಹೋಗಿಲ್ಲ. ಅವರು ನನ್ನ ವಿಳಾಸ ನೋಡಿ, ಇಷ್ಟು ದೂರದಿಂದ ಯಾಕೆ ಬಂದು ಇರಬೇಕು ಅಂದುಕೊಂಡೆ ಎಂದು ಕೇಳಿದರು. ಊಟದ ಮೇಜಿನ ಕಥೆ ಹೇಳಿದೆ. ಇನ್ನಿಬ್ಬರು ನಕ್ಕರು, ಅವರು ನಗಲಿಲ್ಲ. "ಮನೇಲಿ ಏನಂತಾರೆ?" ಎಂದರು.

"ಅಪ್ಪನಿಗೆ ಇನ್ನೂ ಹೇಳಿಲ್ಲ" ಅಂದೆ.

"ಹೇಳು. ನಾವೆಲ್ಲ ಹೇಳದೇ ಬಂದವರು. ಅದು ಬಹಳ ದಿನ ಹೊಟ್ಟೇಲಿ ಉಳಿಯುತ್ತೆ" ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು, ನನಗೆ ಹೋಗು ಅಂದರೋ ಇಲ್ಲವೋ ಗೊತ್ತಾಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಲು ನನಗೆ ಇಷ್ಟವಿಲ್ಲ ಎಂದಲ್ಲ. ನೀವು ಬರುತ್ತೀರಿ ಎಂದಾಗ ಮೊದಲು ನನಗೆ ಅನ್ನಿಸಿದ್ದು ಖುಷಿ. ಎರಡನೆಯದು ಏನೆಂದರೆ, ಅಪ್ಪ ಯಾವ ಕಡೆ ಮಗ್ಗಲಾಗಿ ಮಲಗುತ್ತಾರೆ, ಚಹಾ ಎಷ್ಟು ಬಿಸಿ ಕುಡಿಯುತ್ತಾರೆ, ಕೋಪ ಬಂದರೆ ಕೂಗುತ್ತಾರೋ ಸುಮ್ಮನಾಗುತ್ತಾರೋ ಒಂದೂ ನನಗೆ ಗೊತ್ತಿಲ್ಲವಲ್ಲ ಎಂದು. ಗೊತ್ತುಮಾಡಿಕೊಳ್ಳಬೇಕು ಎಂದು ಬಹಳ ಆಸೆ. ಆ ಬೆಟ್ಟದ ಮೇಲೆ ಇರಬೇಕು ಎಂದೂ ಅಷ್ಟೇ ಆಸೆ. ಎರಡೂ ಒಂದೇ ವರ್ಷಕ್ಕೆ ಯಾಕೆ ಬಂದವೋ.

ನಿನ್ನೆ ಅಜ್ಜಿಗೆ ಎಲ್ಲ ಹೇಳಿ, ಏನು ಮಾಡಲಿ ಎಂದು ಕೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನಮ್ಮ ಕೋಣೆಯನ್ನು ಒಂದು ಸುತ್ತು ನೋಡಿದಳು. ಕೆಳಗಿನ ಮಂಚ ಅವಳದು, ಮೇಲಿನದು ನನ್ನದು, ಪರದೆಯ ಆಚೆ ಅಮ್ಮನ ಕಿರಿದಾದ ಮಂಚ. "ಅವನು ಹೋದ ಸಲ ಬಂದಾಗ ಬಾಗಿಲ ಹತ್ರ ಮಡಚೋ ಮಂಚ ಹಾಕ್ಕೊಂಡು ಮಲಗಿದ್ದ. ಯಾರು ಹೊರಗೆ ಹೋಗ್ಬೇಕಾದ್ರೂ ಅವನನ್ನ ದಾಟಿ ಹೋಗ್ಬೇಕು. ಹಾಗೆ ಒಂದು ತಿಂಗಳು ಇರಬಹುದು. ಜೀವನ ಪೂರ್ತಿ ಇರೋಕಾಗುತ್ತಾ? ನೀನು ಬೆಟ್ಟಕ್ಕೆ ಹೋಗು. ಅವನಿಗೊಂದು ಹಾಸಿಗೆ ಆಗುತ್ತೆ" ಅಂದಳು.

ಇದು ಅಜ್ಜಿಯ ಲೆಕ್ಕ. ನಿಮ್ಮದು ಹೇಳಿ. ಮೇ ಕೊನೆಯವರೆಗೆ ಸಮಯವಿದೆ.

ಫಾಂಗ್


(ಅಂಚೆ ಕಾರ್ಡು. ಹಿಂಬದಿಯಲ್ಲಿ ಗಾಳಿಯಂತ್ರದ ಚಿತ್ರ)

ರಾಟರ್‌ಡಾಮ್, 28 ಏಪ್ರಿಲ್ 1982

ಕಾಗದ ತಲುಪಿತು. ಬರೆಯುತ್ತೇನೆ.
ಅಪ್ಪ


ರಾಟರ್‌ಡಾಮ್
5 ಮೇ 1982

ಫಾಂಗ್,

ಬರೆದು ಹರಿದೆ, ಮತ್ತೆ ಬರೆದು ಹರಿದೆ. ಇದನ್ನು ಹರಿಯದೆ ಕಳಿಸುತ್ತೇನೆ, ಇಲ್ಲದಿದ್ದರೆ ನಿನ್ನ ಗಡುವು ಮೀರಿಹೋಗುತ್ತದೆ.

ನನಗೆ ಕೋಪ ಬಂತು. ಕೋಪ ಬಂದರೆ ಸುಮ್ಮನಾಗುತ್ತೇನೆ. ಅದೊಂದು ನಿನಗೆ ಈಗ ಗೊತ್ತಾಯಿತು. ಎರಡು ದಿನ ಕೆಲಸದಲ್ಲೂ ಯಾರ ಜೊತೆಯೂ ಮಾತಾಡಲಿಲ್ಲ. ಮೇಲಿನ ಮಂಚದ ಹುಡುಗ ಹಾಡು ನಿಲ್ಲಿಸಿದ. ತನ್ನ ಹಾಡಿಗೇ ನನಗೆ ಸಿಟ್ಟು ಅಂದುಕೊಂಡನೋ ಏನೋ. ಅವನಿಗೆ ಹೇಗೆ ತಿಳಿಸುವುದು? ಬಂದರಿನಿಂದ ಒಂದು ಕಿತ್ತಳೆ ತಂದು ಅವನ ದಿಂಬಿನ ಮೇಲಿಟ್ಟೆ. ಸಂಜೆ ಮತ್ತೆ ಹಾಡಿದ.

ಆಮೇಲೆ ಯೋಚನೆ ಮಾಡಿದೆ. ಸಂಜೆ ನಿಲ್ದಾಣಕ್ಕೆ ಬಂದು ಚೀಲ ಹಿಡಿದುಕೊಳ್ಳುತ್ತೇನೆ ಎಂದು ಬರೆದಿದ್ದೆನಲ್ಲ. ಆ ಚಿತ್ರ ನನ್ನ ತಲೆಯಲ್ಲಿ ಚೆನ್ನಾಗಿತ್ತು. ಅದನ್ನು ಮತ್ತೆ ನೋಡಿದರೆ ರೈಲಿನಿಂದ ಇಳಿಯುವ ಹುಡುಗಿಗೆ ಎರಡು ಜಡೆ, ವಯಸ್ಸು ಎಂಟು. ನನ್ನ ಮೊಣಕೈಗೆ ಬರುವಷ್ಟು ಎತ್ತರ. ನನಗೆ ಗೊತ್ತಿರುವ ಫಾಂಗ್ ಅವಳು. ಹಿಮದ ಕನಸು ತಣ್ಣಗಿರುವುದಿಲ್ಲ ಎಂದು ದೊಡ್ಡವರ ಮುಂದೆ ಹೇಳಿದವಳನ್ನು ನಾನು ನೋಡೇ ಇಲ್ಲ. ಅವಳು ಎಲ್ಲಿರಬೇಕು ಎಂದು ನಾನು ಹೇಗೆ ಹೇಳಲಿ?

ಬದಲಾಯಿಸಬೇಡ.

ಇದರಿಂದ ನನಗೆ ಸಂತೋಷವಾಗಿದೆ ಎಂದು ತಿಳಿಯಬೇಡ. ಸಂತೋಷವಾಗಿಲ್ಲ. ಆದರೂ ಬದಲಾಯಿಸಬೇಡ.

ಚಹಾ ಬಹಳ ಬಿಸಿ ಕುಡಿಯುತ್ತೇನೆ. ಮಲಗುವುದು ಗೋಡೆಯ ಕಡೆ ತಿರುಗಿ.

ಅಪ್ಪ


ಚಿಂಗ್ ಯುನ್ ಕಾಲೇಜು ಹಾಸ್ಟೆಲ್
10 ಅಕ್ಟೋಬರ್ 1982

ಅಪ್ಪನಿಗೆ,

ನಾನು ಇಲ್ಲಿಗೆ ಬಂದು ತಿಂಗಳಾಯಿತು. ಕಾಗದ ಬರೆಯಲು ಕೂತರೆ ವಿಳಾಸದ ಜಾಗದಲ್ಲಿ ಕೈ ತಾನಾಗಿ ಏಜೆಂಟರ ಹೆಸರು ಬರೆಯಲು ಹೋಯಿತು. ನಮ್ಮ ಮನೆಯ ವಿಳಾಸಕ್ಕೆ ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು.

ಜುಲೈನಿಂದ ನಾವು ಒಂದೇ ಮನೆಯಲ್ಲಿದ್ದೆವು. ಎರಡು ತಿಂಗಳು ಒಂದೇ ಮೇಜಿನಲ್ಲಿ ಊಟ ಮಾಡಿದೆವು. ನಾವು ಆಡಿದ ಮಾತುಗಳನ್ನು ನೆನಪು ಮಾಡಿಕೊಂಡೆ. ಸೋಯಾ ಕೊಡು. ಮೀನು ಚೆನ್ನಾಗಿದೆ. ಮಳೆ ಬರುತ್ತದಾ? ಫಲಿತಾಂಶ ಬಂದ ದಿನ ನೀವು "ಒಳ್ಳೇದಾಯ್ತು" ಎಂದು ಹೇಳಿ, ಅಂಗಡಿಗೆ ಹೋಗಿ ಹುರಿದ ಬಾತುಕೋಳಿ ತಂದಿರಿ. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ತಿಂದೆ. ನಿಮ್ಮನ್ನು ಕೇಳಲು ನೂರು ವಿಷಯ ಇಟ್ಟುಕೊಂಡಿದ್ದೆ. ನೀವು ಎದುರಿಗೆ ಕೂತು ಚಹಾ ಊದುವುದನ್ನು ನೋಡಿದರೆ ಒಂದೂ ಹೊರಗೆ ಬರುತ್ತಿರಲಿಲ್ಲ. ಅಮ್ಮ ಒಂದು ದಿನ ಸಾಕಾಗಿ "ಇಬ್ಬರೂ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೀರಾ? ಬಿಚ್ಚೋಕೆ ಕತ್ತರಿ ತರ್ಲಾ?" ಎಂದಳಲ್ಲ.

ನನ್ನ ರಜಾಯಿ ಹೊತ್ತುಕೊಂಡು ಬೆಟ್ಟದ ಬುಡದ ನಿಲ್ದಾಣದ ತನಕ ಬಂದಿರಿ. ಮೇಲೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅಂದೇ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ.

ನನ್ನ ಕೋಣೆಯಲ್ಲಿ ಇನ್ನಿಬ್ಬರು. ಒಬ್ಬಳು ತತ್ವಶಾಸ್ತ್ರ, ಅವಳ ಅಪ್ಪ ಯುಯೆನ್ ಲಾಂಗ್‌ನಲ್ಲಿ ಹಂದಿ ಸಾಕುತ್ತಾರೆ. ಇನ್ನೊಬ್ಬಳು ಲೆಕ್ಕಪತ್ರ ಓದುತ್ತಾಳೆ, ದಿಂಬಿನ ಕೆಳಗೆ ಬಿಸ್ಕತ್ತು ಇಟ್ಟುಕೊಂಡು ಇಲ್ಲ ಅನ್ನುತ್ತಾಳೆ. ಇಬ್ಬರ ಜೊತೆಗೂ ಆಗಲೇ ಒಂದೊಂದು ಜಗಳವಾಗಿದೆ. ಮೇಜಿನ ಮಾತು ಯಾವಾಗಲೂ ಹಿಮದ ಕನಸಿನಷ್ಟು ಚೆನ್ನಾಗಿರುವುದಿಲ್ಲ. ಕೆಲವು ಸಲ ಬರೀ ಬಸ್ಸಿನ ವಿಷಯ. ಆದರೂ ಊಟದ ಗಂಟೆ ಹೊಡೆದರೆ ಈವತ್ತು ಯಾರ ಪಕ್ಕ ಜಾಗ ಸಿಗುತ್ತದೋ ಎಂದು ನಾನು ಓಡುತ್ತೇನೆ.

ನವೆಂಬರ್ ಮೊದಲ ಭಾನುವಾರ ಮನೆಯವರನ್ನು ಊಟಕ್ಕೆ ಕರೆಯುತ್ತಾರೆ. ಬನ್ನಿ. ಅಜ್ಜಿಗೆ ಬೆಟ್ಟ ಹತ್ತುವ ಬಸ್ಸಿದೆ ಎಂದು ಹೇಳಿ.

ಫಾಂಗ್


ಷಾವ್ ಕೆಯ್ ವಾನ್
9 ನವೆಂಬರ್ 1982

ಫಾಂಗ್,

ಬಂದು ಹೋದದ್ದು ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಏಕೆಂದರೆ ಅಲ್ಲಿ ನಾನು ನಿನಗೆ ಏನೂ ಹೇಳಲಿಲ್ಲ.

ನಿನ್ನ ಸಂದರ್ಶನ ಮಾಡಿದ ಆ ವಯಸ್ಸಾದ ಮೇಷ್ಟ್ರು ನನ್ನ ಪಕ್ಕ ಕೂತು ಹಡಗಿನ ಬಗ್ಗೆ ಒಂದೊಂದೇ ಕೇಳಿದರು. ಅವರ ಮಾತು ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಅವರಿಗೆ ಅರ್ಧ ತಿಳಿಯಲಿಲ್ಲ. ಆದರೂ ಉತ್ತರ ಕೊಟ್ಟೆ. ನೀನು ಎದುರಿಗೆ ಕೂತು ಕಣ್ಣು ಅಗಲಿಸಿ ಕೇಳುತ್ತಿದ್ದೆ. ಕಾಯಾವೊದಲ್ಲಿ ಎಂಜಿನ್ ಕೆಟ್ಟು ಕತ್ತಲಲ್ಲಿ ನಿಂತ ಕಥೆ ನಿನಗೆ ಗೊತ್ತಿರಲಿಲ್ಲ. ಪರಿಚಯವಿಲ್ಲದವರಿಗೆ ಹೇಳಬಹುದಾದದ್ದು ಮಗಳಿಗೆ ಹೇಳಲು ಯಾಕೆ ಬರುವುದಿಲ್ಲ ಎಂದು ನಾನೂ ಯೋಚಿಸಿದೆ. ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಬೆಟ್ಟ ಹತ್ತಿ ಬರದೆ ಇದ್ದದ್ದಕ್ಕೆ ನೀನು ಕಾರಣ ಕೇಳಿದ್ದೆ. ಮೇಲೆ ಬಂದರೆ ನಿನ್ನ ಮಂಚ ನೋಡುತ್ತೇನೆ, ನೋಡಿದರೆ ಇಲ್ಲಿ ಬೇಡ ಮನೆಗೆ ನಡಿ ಅಂದುಬಿಡುತ್ತೇನೆ ಎಂದು ಹೆದರಿಕೆಯಾಯಿತು. ಈ ಸಲ ನೋಡಿದೆ. ಚೆನ್ನಾಗಿದೆ. ಅಜ್ಜಿ ನಿನ್ನ ಜೊತೆಗಾತಿಯ ದಿಂಬಿನ ಕೆಳಗೆ ಕೈ ಹಾಕಿ ಬಿಸ್ಕತ್ತು ತೆಗೆದಾಗ ನನಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳು "ಹುಡುಗಿ ಮಾತು ಕಲೀತಿದ್ದಾಳೆ, ಇನ್ನು ಕಷ್ಟ" ಎಂದು ನಿನ್ನ ಅಮ್ಮನ ಹತ್ತಿರ ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು.

ನನಗೆ ಕೆಲಸ ಸಿಕ್ಕಿದೆ. ಈ ದಡದಿಂದ ಕ್ವುನ್ ತೋಂಗ್‌ಗೆ ಹೋಗುವ ಫೆರಿಯಲ್ಲಿ, ಎಂಜಿನ್ ಕೋಣೆಯಲ್ಲಿ. ಹೊರಟ ಮೇಲೆ ಒಂದು ಸಿಗರೇಟು ಮುಗಿಯುವುದರೊಳಗೆ ಆಚೆ ದಡ. ಇಷ್ಟು ಬೇಗ ತಲುಪುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ. ಗುರುವಾರ ಬಿಟ್ಟು ಎಲ್ಲ ದಿನ ಸಂಜೆಯ ಪಾಳಿ.

ಮುಂದಿನ ಶನಿವಾರ ಮನೆಗೆ ಬರುತ್ತೀಯಲ್ಲ. ಬಸ್ಸಿನಲ್ಲಿ ಸಮುದ್ರದ ಕೆಳಗಿನ ಸುರಂಗದೊಳಗೆ ಬರಬೇಡ. ಕ್ವುನ್ ತೋಂಗ್‌ಗೆ ಬಂದು ಫೆರಿ ಹತ್ತು. ಮೇಲಿನ ಅಂತಸ್ತಿಗೆ ಹೋಗಬೇಡ. ಕೆಳಗೆ, ಹಿಂಭಾಗದಲ್ಲಿ ನಮ್ಮ ಕೋಣೆಯ ಬಾಗಿಲು ತೆರೆದಿರುತ್ತದೆ, ಅದರ ಪಕ್ಕದಲ್ಲಿ ಒಂದು ಬೆಂಚಿದೆ. ಸೆಕೆ, ಎಣ್ಣೆಯ ವಾಸನೆ, ಯಾರೂ ಅಲ್ಲಿ ಕೂರುವುದಿಲ್ಲ. ಎಂಜಿನ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಅಲ್ಲಿ ಸುಮ್ಮನೆ ಕೂತಿದ್ದರೆ ಇವರು ಯಾಕೆ ಮಾತಾಡುತ್ತಿಲ್ಲ ಎಂದು ಯಾರೂ ಅಂದುಕೊಳ್ಳುವುದಿಲ್ಲ.

ಬಂದು ಕೂತುಕೋ. ಕೆಲಸದ ನಡುವೆ ನಾನೂ ಬಂದು ಕೂರುತ್ತೇನೆ.

ಅಪ್ಪ